ಮಾಲ್ಟ್ ಬಾರ್ಲಿಯ ಗುಣಮಟ್ಟ ಮತ್ತು ಹಿಂದಿನ ಬೆಳೆ

ಬಾರ್ಲಿ ಖರೀದಿಯಲ್ಲಿ ವರ್ತಕರು ಸಾಮಾನ್ಯವಾಗಿ ತೇವಾಂಶ, ಕಸಕಡ್ಡಿ, ಕಾಳಿನ ಗಾತ್ರ ಹಾಗೂ ತೂಕವನ್ನು ಪರಿಶೀಲಿಸುತ್ತಾರೆ. ಆ ಹೊಲದಲ್ಲಿ ಅದಕ್ಕೂ ಮುನ್ನ ಯಾವ ಬೆಳೆ ಇತ್ತೆಂದು ವಿಚಾರಿಸುವವರು ವಿರಳ. ಸರಕು ಮಾಲ್ಟ್ ಕಾರ್ಖಾನೆಯಲ್ಲಿ ತಿರಸ್ಕೃತವಾಗಿ ಪಶು ಆಹಾರದ ದರಕ್ಕೆ ಇಳಿಯುವುದಕ್ಕೆ ಎಷ್ಟೋ ವೇಳೆ ಕಾರಣ ಅಲ್ಲಿಯೇ ಅಡಗಿರುತ್ತದೆ.

ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಕಾರ್ಖಾನೆಗೆ ಮುಖ್ಯವಾಗಿ ಬೇಕಾದುದು ಅದರ ಪಿಷ್ಟ. ಪ್ರೋಟೀನ್ ಹೆಚ್ಚಿದಷ್ಟೂ ಪಿಷ್ಟದ ಪಾಲು ಕುಗ್ಗುತ್ತದೆ, ಕಾಳು ನೀರು ಹೀರುವುದು ನಿಧಾನವಾಗುತ್ತದೆ, ಬಿಯರ್ ಮಬ್ಬಾಗುವ ಸಂಭವವೂ ಉಂಟು. ತೀರ ಕಡಿಮೆಯಾದರೆ ಕಿಣ್ವಗಳೂ ಯೀಸ್ಟಿಗೆ ಬೇಕಾದ ಪೋಷಣೆಯೂ ಸಾಲವು. ಆದ್ದರಿಂದಲೇ ಕೊಳ್ಳುವವರು ಸಾಮಾನ್ಯವಾಗಿ ಶೇ. 9ರಿಂದ 11.5ರ ಆಸುಪಾಸಿನ ಪ್ರೋಟೀನನ್ನು ಬಯಸುತ್ತಾರೆ.

ಈ ಪ್ರೋಟೀನಿನ ಮೂಲ ಮಣ್ಣಿನ ಸಾರಜನಕ. ರಾಜಸ್ಥಾನದಲ್ಲಿ ಮುಂಗಾರಿಗೆ ಗೋರಿಕಾಯಿ ಅಥವಾ ಹೆಸರು ಬೆಳೆದ ಹೊಲಕ್ಕೆ ನವೆಂಬರ್ ವೇಳೆಗೆ ಬಾರ್ಲಿ ಬಿತ್ತುವುದುಂಟು. ದ್ವಿದಳ ಬೆಳೆಯ ಬೇರು, ಎಲೆಗಳು ಕೊಳೆಯುತ್ತ ಸಾರಜನಕವನ್ನು ನಿಧಾನವಾಗಿ ಬಿಟ್ಟುಕೊಡುತ್ತವೆ. ತೆನೆ ಕಟ್ಟುವ ಕಾಲಕ್ಕೂ ಅದು ದೊರೆಯುತ್ತಲೇ ಇದ್ದರೆ ನೇರವಾಗಿ ಕಾಳಿನ ಪ್ರೋಟೀನನ್ನು ಏರಿಸುತ್ತದೆ. ಸಜ್ಜೆಯ ಸ್ಥಿತಿ ಇದಕ್ಕೆ ವಿರುದ್ಧ. ಅದರ ಕೂಳೆ ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಹಿಡಿದಿಡುವುದರಿಂದ ಪ್ರೋಟೀನ್ ಸಾಮಾನ್ಯವಾಗಿ ಹತೋಟಿಯಲ್ಲಿರುತ್ತದೆ. ಹೆಸರಿನ ನಂತರವೂ ರೂಢಿಯ ಪ್ರಮಾಣದಲ್ಲೇ ಯೂರಿಯಾ ಹಾಕಿದರೆ ದೋಷ ಹೆಸರಿನದಲ್ಲ, ಲೆಕ್ಕದ್ದು. ಕಾಳು ತುಂಬುವಾಗ ಬಿಸಿಲೇರಿ ಕಾಳು ಸೊರಗಿದರಂತೂ ಪ್ರೋಟೀನಿನ ಪ್ರಮಾಣ ಇನ್ನೂ ಮೇಲಕ್ಕೆ.

ಮೆಕ್ಕೆಜೋಳ, ಗೋಧಿಗಳ ತೊಡಕು ಬೇರೆ. ಅವುಗಳ ಉಳಿಕೆಯಲ್ಲಿ ಬದುಕುವ ಫ್ಯುಸೇರಿಯಂ ಶಿಲೀಂಧ್ರವು ತೇವದ ಹವೆಯಲ್ಲಿ ಬಾರ್ಲಿಯ ತೆನೆಗೂ ತಗಲಬಹುದು. ಅಂತಹ ಕಾಳಿನಿಂದ ವಿಷಾಂಶದ ಭಯವಲ್ಲದೆ, ಬಾಟಲಿ ತೆರೆದೊಡನೆ ಬಿಯರ್ ಉಕ್ಕಿ ಹರಿಯುವ ದೋಷವೂ ಬರುತ್ತದೆ.

ಇನ್ನು ವ್ಯಾಪಾರದ ಲೆಕ್ಕ. ಶೇ. 8.5 ಮತ್ತು ಶೇ. 12.5 ಪ್ರೋಟೀನಿನ ರಾಶಿಗಳನ್ನು ಸಮನಾಗಿ ಬೆರೆಸಿದರೆ ಪರೀಕ್ಷಾ ವರದಿಯಲ್ಲಿ ಶೇ. 10.5 ಎಂದು ಬರುತ್ತದೆ. ಕಾಗದದ ಮೇಲೆ ಅದು ಉತ್ತಮ ಸರಕೇ. ತೊಟ್ಟಿಯಲ್ಲಿ ಮಾತ್ರ ಎರಡು ಬಗೆಯ ಕಾಳುಗಳು ಎರಡು ವೇಗದಲ್ಲಿ ನೆನೆದು, ಮೊಳಕೆ ಏರುಪೇರಾಗುತ್ತದೆ. ಸತ್ವಾಂಶ ಶೇ. 80ರಿಂದ 78ಕ್ಕೆ ಇಳಿದರೆ 100 ಟನ್ ಮಾಲ್ಟಿನಲ್ಲಿ 2 ಟನ್ ಸತ್ವ ನಷ್ಟ. ಲಾರಿ ಬಾಡಿಗೆಯಲ್ಲಿ ಬಿಡಿಗಾಸಿನ ರಿಯಾಯಿತಿಯೂ ಇಲ್ಲ.

ಬಾರ್ಲಿ ಬೇಸಾಯ ಕರ್ನಾಟಕದಲ್ಲಿ ಅತ್ಯಲ್ಪವಾದುದರಿಂದ ಇಲ್ಲಿಯ ಕೊಳ್ಳುಗರಿಗೆ ಹೊಲ ನೋಡುವ ಅವಕಾಶ ಕಡಿಮೆ. ಅವರು ಖರೀದಿ ಕರಾರಿನಲ್ಲಿ ಹಿಂದಿನ ಬೆಳೆ ಹಾಗೂ ಹಾಕಿದ ಯೂರಿಯಾ ಪ್ರಮಾಣವನ್ನು ನಮೂದಿಸುವಂತೆ ಕೇಳಬಹುದು. ಪ್ರೋಟೀನ್ ವರದಿ ಕೈಸೇರುವವರೆಗೆ ರಾಶಿಗಳನ್ನು ಬೆರೆಸಬಾರದೆಂಬ ಷರತ್ತನ್ನೂ ಸೇರಿಸಬಹುದು. ಅದಕ್ಕೆ ತಗಲುವ ವೆಚ್ಚವೆಂದರೆ ಗೋದಾಮಿನಲ್ಲಿ ಕೊಂಚ ಹೆಚ್ಚಿನ ಜಾಗ, ಮತ್ತು ಪ್ರತಿ ರಾಶಿಗೂ ಒಂದೊಂದು ಪರೀಕ್ಷಾ ಶುಲ್ಕ.