ಟೊರೊಂಟೊದಲ್ಲಿ ‘ಸಪ್ಲೈಯರ್’ ಅಂದರೆ ಯಾರು? ಪರದೇಶದಲ್ಲಿ ನಮ್ಮ ರೆಸ್ಯೂಮೆಯನ್ನು ಹೇಗೆ ಓದುತ್ತಾರೆ

ಬೈಂದೂರು ಕಡೆಯ ಒಬ್ಬ ಯುವಕ ಬೆಂಗಳೂರಿನ ಹೋಟೆಲೊಂದರಲ್ಲಿ ಆರು ವರ್ಷ ದುಡಿದಿದ್ದಾನೆ ಎಂದುಕೊಳ್ಳಿ. ನಾಲ್ಕು ವರ್ಷ ಸಪ್ಲೈಯರ್, ಆಮೇಲೆ ಎರಡು ವರ್ಷ ಕ್ಯಾಷಿಯರ್. ನರ್ಸ್ ಆಗಿರುವ ಹೆಂಡತಿ ಕೆನಡಾಕ್ಕೆ ಹೊರಟಾಗ ಅವನೂ ಜೊತೆಗೆ ಹೋಗುತ್ತಾನೆ. ಟೊರೊಂಟೊದಲ್ಲಿ ಕೂತು ರೆಸ್ಯೂಮೆ ಬರೆಯುತ್ತಾನೆ: ‘ಹೋಟೆಲಿನಲ್ಲಿ ಸಪ್ಲೈಯರ್, 4 ವರ್ಷ.’

ಅಲ್ಲಿ ಅದನ್ನು ಓದುವವರಿಗೆ ಹೋಟೆಲ್ ಎಂದರೆ ಜನ ರಾತ್ರಿ ತಂಗುವ ಜಾಗ. ಸಪ್ಲೈಯರ್ ಎಂದರೆ ತರಕಾರಿಯನ್ನೋ ಹಾಸಿಗೆ ಬಟ್ಟೆಯನ್ನೋ ಪೂರೈಸುವ ವ್ಯಾಪಾರಿ. ಅರ್ಜಿ ಹಾಕಿದ್ದು ರೆಸ್ಟೋರೆಂಟಿನ ಸರ್ವರ್ ಕೆಲಸಕ್ಕೆ. ‘ಇವನಿಗೆ ಆ ಕೆಲಸದ ಅನುಭವವೇ ಇಲ್ಲವಲ್ಲ’ ಎಂದು ಅವರು ಮುಂದಿನ ಅರ್ಜಿ ತೆಗೆಯುತ್ತಾರೆ. ಯುವಕ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೂ ನಾಲ್ಕು ವರ್ಷದ ದುಡಿಮೆ ಲೆಕ್ಕಕ್ಕೇ ಬರಲಿಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರದಿಂದ ಹೊರದೇಶಕ್ಕೆ ಹೋದವರ ರೆಸ್ಯೂಮೆಗಳನ್ನು ನೋಡುವಾಗ ನಮಗೆ ಮತ್ತೆ ಮತ್ತೆ ಕಾಣುವುದು ಈ ತೊಂದರೆ. ಟೆಂಪ್ಲೇಟ್ ಚೆನ್ನಾಗಿಲ್ಲ, ಬಣ್ಣ ಸರಿಯಿಲ್ಲ, ಇಂಗ್ಲಿಷ್ ಸಾಲದು ಎಂದು ಜನ ಕೊರಗುತ್ತಾರೆ. ಅಸಲಿಗೆ ಆ ಹಾಳೆ ನಮ್ಮ ಊರನ್ನು ಬಲ್ಲವರಿಗಾಗಿ ಬರೆದದ್ದಾಗಿರುತ್ತದೆ.

ಬಯೋಡೇಟಾದ ಅಭ್ಯಾಸ

ನಮ್ಮಲ್ಲಿ ಹೋಟೆಲ್, ಬೇಕರಿ, ಬೋಟ್, ಅಂಗಡಿ ಕೆಲಸಕ್ಕೆ ರೆಸ್ಯೂಮೆ ಕೇಳಿದವರು ಕಡಿಮೆ. ‘ಒಂದ್ ಕೆಲ್ಸ ಇದ್ರೆ ಹೇಳಿ ಮಾರಾಯ್ರೆ’ ಎಂದು ಊರಿನವರೊಬ್ಬರ ಕಿವಿಗೆ ಹಾಕಿದರೆ ಮುಂಬೈಯಲ್ಲೋ ಬೆಂಗಳೂರಲ್ಲೋ ಕೆಲಸ ಸಿಗುತ್ತಿತ್ತು. ಕಾಗದದ ಮೇಲೆ ನಮ್ಮನ್ನು ವಿವರಿಸಿಕೊಳ್ಳಬೇಕಾಗಿ ಬಂದದ್ದು ಎರಡೇ ಕಡೆ, ಸರ್ಕಾರಿ ಅರ್ಜಿಯಲ್ಲಿ ಮತ್ತು ಮದುವೆಯ ಬಯೋಡೇಟಾದಲ್ಲಿ. ನಮ್ಮ ರೆಸ್ಯೂಮೆಯ ರೂಪ ಅವೆರಡರ ಕಸಿ ಎನ್ನುವುದು ನಮ್ಮ ಅನಿಸಿಕೆ. ತಂದೆಯ ಹೆಸರು, ಹುಟ್ಟಿದ ದಿನ, ಧರ್ಮ, ವಿವಾಹಿತರೋ ಅಲ್ಲವೋ, ಅಂಚೆ-ಗ್ರಾಮ-ತಾಲೂಕು ಸಮೇತ ಖಾಯಂ ವಿಳಾಸ, ಕೊನೆಗೆ ‘ಮೇಲಿನ ವಿವರಗಳೆಲ್ಲ ಸತ್ಯವೆಂದು ಘೋಷಿಸುತ್ತೇನೆ’ ಎಂಬ ಸಾಲು, ಸಹಿ.

ಅಮೆರಿಕ, ಕೆನಡಾ, ಬ್ರಿಟನ್‌ಗಳಲ್ಲಿ ಇವೆಲ್ಲವೂ ಬೇಡ. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆ ಮತ್ತು ವಯಸ್ಸಿನ ತಾರತಮ್ಯದ ವಿರುದ್ಧದ 1967ರ ಕಾಯ್ದೆ, ಬ್ರಿಟನ್ನಿನಲ್ಲಿ 2010ರ ಸಮಾನತಾ ಕಾಯ್ದೆ ಇವೆ. ಧರ್ಮ, ವಯಸ್ಸು ನೋಡಿ ಕೆಲಸ ನಿರಾಕರಿಸಿದರು ಎಂಬ ದೂರು ಬಂದರೆ ಕಷ್ಟ ಎಂದು ಕಂಪನಿಗಳಿಗೂ ಇಂಥ ಮಾಹಿತಿ ಕಣ್ಣಿಗೆ ಬೀಳುವುದೇ ಬೇಡ. ಫೋಟೋ ಕೂಡ ಹಾಕುವುದಿಲ್ಲ. ಜರ್ಮನಿಯಲ್ಲಿ 2006ರಲ್ಲಿ ಸಮಾನತೆಯ ಕಾನೂನು ಬಂದ ಮೇಲೆ ಫೋಟೋ ಕಡ್ಡಾಯವಲ್ಲ, ಆದರೂ ಹಾಕುವ ರೂಢಿ ಪೂರ್ತಿ ಹೋಗಿಲ್ಲ. ಗಲ್ಫ್‌ನಲ್ಲಿ ಇದು ತಿರುಗುಮುರುಗು. ಅಲ್ಲಿ ಫೋಟೋ, ರಾಷ್ಟ್ರೀಯತೆ, ಈಗಿರುವ ವೀಸಾ ಯಾವುದು, ಯಾವಾಗ ಸೇರಬಲ್ಲಿರಿ ಎಂಬುದೆಲ್ಲ ಸಾಮಾನ್ಯವಾಗಿ ಇರುತ್ತವೆ. ಹಾಗಾಗಿ ‘ಫಾರಿನ್ ರೆಸ್ಯೂಮೆ’ ಎಂಬ ಒಂದೇ ಮಾದರಿ ಇಲ್ಲ. ಅಂಥದ್ದೊಂದನ್ನು ಮಾರುವವರು ಮಾತ್ರ ಇದ್ದಾರೆ.

ಹೋದ ದೇಶದಲ್ಲಿ ಕೆಲಸ ಮಾಡುವ ಅನುಮತಿ ನಿಮಗೆ ಈಗಾಗಲೇ ಇದ್ದರೆ ಅದನ್ನು ಹೆಸರಿನ ಕೆಳಗೇ ಒಂದು ಸಾಲಿನಲ್ಲಿ ಬರೆಯಿರಿ. ಭಾರತದ ಓದು, ಭಾರತದ ಅನುಭವ ನೋಡಿದವರಿಗೆ ಮೊದಲು ಬರುವ ಸಂಶಯವೇ ‘ಇವರಿಗೆ ನಾವು ವೀಸಾ ಕೊಡಿಸಬೇಕೇ?’ ಎಂಬುದು.

ದಾರಿಯಲ್ಲಿ ಅರ್ಥ ಬದಲಾಗುವ ಮಾತುಗಳು

ನಮಗೆ ಇಂಗ್ಲಿಷ್ ಅನ್ನಿಸುವ ಎಷ್ಟೋ ಪದಗಳು ಭಾರತದ ಇಂಗ್ಲಿಷಿನವು. ‘2018ರಲ್ಲಿ ಪಾಸ್ಡ್ ಔಟ್’ ಎಂದು ಬರೆದರೆ ಅಮೆರಿಕದವರಿಗೆ ಅದು ಪ್ರಜ್ಞೆ ತಪ್ಪಿ ಬಿದ್ದಂತೆ ಕೇಳಿಸುತ್ತದೆ. ‘ಫ್ರೆಶರ್’ ಎಂದರೆ ಬ್ರಿಟನ್ನಿನಲ್ಲಿ ಕಾಲೇಜಿಗೆ ಈಗಷ್ಟೇ ಸೇರಿದ ಮೊದಲ ವರ್ಷದ ವಿದ್ಯಾರ್ಥಿ. ‘ತಿಂಗಳಿಗೆ 12 ಲಕ್ಷದ ವಹಿವಾಟು ನೋಡಿಕೊಂಡೆ’ ಎಂಬ ಸಾಲಿನಲ್ಲಿರುವ ಲಕ್ಷ ಅಲ್ಲಿನವರಿಗೆ ಗೊತ್ತೇ ಇಲ್ಲ. 05/08/2019 ಎಂದರೆ ನಮಗೆ ಆಗಸ್ಟ್ 5, ಅಮೆರಿಕದವರಿಗೆ ಮೇ 8. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದುಬಿಟ್ಟರೆ ಗೊಂದಲವಿಲ್ಲ.

ಓದಿನ ವಿವರದಲ್ಲಿ ಇನ್ನೂ ಸ್ವಾರಸ್ಯವಿದೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಎಂಬ ಅಕ್ಷರಗಳು ದೆಹಲಿಯವರಿಗೇ ಸರಿಯಾಗಿ ಗೊತ್ತಿಲ್ಲ, ಬರ್ಲಿನ್ನಿನವರಿಗೆ ಗೊತ್ತಿರಲು ಸಾಧ್ಯವೇ? 10ನೇ ತರಗತಿ, 12ನೇ ತರಗತಿ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಡಿಗ್ರಿ ಮುಗಿದವರು ಇವೆರಡನ್ನೂ ಬಿಟ್ಟರೂ ನಡೆಯುತ್ತದೆ. ಇನ್ನು ‘ಎಂಐಟಿ’ ನೋಡಿ. ನಮ್ಮ ಜಿಲ್ಲೆಯಲ್ಲೇ ಎರಡಿವೆ: ಮಣಿಪಾಲದ್ದು ಮತ್ತು ಕುಂದಾಪುರದ ಮೂಡ್ಲಕಟ್ಟೆಯದ್ದು. ಹೊರದೇಶದವರಿಗೆ ಈ ಮೂರಕ್ಷರ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥೆ ಮಾತ್ರ. ನೀವು ಬರೀ ಎಂಐಟಿ ಎಂದು ಬರೆದಿದ್ದು ವಿಚಾರಿಸಿದಾಗ ಬೇರೆಯೇ ಎಂದು ತಿಳಿದರೆ ಅವರಿಗೆ ಮೋಸ ಹೋದಂತೆ ಅನ್ನಿಸುತ್ತದೆ, ನಿಮ್ಮ ಮನಸ್ಸಿನಲ್ಲಿ ಮೋಸ ಇರಲಿಲ್ಲ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಕಾಲೇಜಿನ ಪೂರ್ತಿ ಹೆಸರು, ಪದವಿ ಕೊಟ್ಟ ವಿಶ್ವವಿದ್ಯಾಲಯ (ಮಂಗಳೂರು ವಿವಿ, ವಿಟಿಯು, ಯಾವುದೋ ಅದು), ಭಾರತ. ಇಷ್ಟು ಸಾಕು.

ಅಂಕದ ವಿಷಯದಲ್ಲಿ ಜನ ತಿಳಿಯದೆ ತಮಗೇ ನಷ್ಟ ಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ಶೇ. 60 ಬಂದರೆ ಪ್ರಥಮ ದರ್ಜೆ, ಮನೆಯಲ್ಲಿ ಸಿಹಿ ಹಂಚುತ್ತೇವೆ. ಅಮೆರಿಕದ ಹೆಚ್ಚಿನ ಶಾಲೆಗಳಲ್ಲಿ 60 ಎಂದರೆ ‘ಡಿ’, ಕಷ್ಟಪಟ್ಟು ದಾಟಿದ ಅಂಕ. ಬ್ರಿಟನ್ನಿನಲ್ಲಿ ಪ್ರಥಮ ದರ್ಜೆ ಶುರುವಾಗುವುದೇ 70ಕ್ಕೆ. ಆದ್ದರಿಂದ ಬರೀ ಶೇಕಡಾ ಬರೆಯುವುದಕ್ಕಿಂತ ‘ಪ್ರಥಮ ದರ್ಜೆ’ ಎಂದು ಬರೆಯುವುದು ಮೇಲು. ಅದನ್ನು ನಾವೇ ಅಮೆರಿಕದ ಜಿಪಿಎಗೆ ಪರಿವರ್ತಿಸಿ ಬರೆಯುವುದು ಬೇಡ, ಅಧಿಕೃತವಾಗಿ ಮಾಡಿಸಿದ ಪರಿವರ್ತನೆ ಇದ್ದರೆ ಹಾಕಬಹುದು. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಗೆ ಪದವಿಯ ಮೌಲ್ಯಮಾಪನ ಮಾಡಿಸಿದವರ ಬಳಿ ‘ಇದು ಕೆನಡಾದ ಇಂಥ ಪದವಿಗೆ ಸಮ’ ಎಂಬ ವರದಿ ಇರುತ್ತದೆ. ವಲಸೆಯ ಕೆಲಸ ಮುಗಿದ ಮೇಲೆ ಅದು ಬೀರು ಸೇರುತ್ತದೆ. ಅದರ ಒಂದು ಸಾಲನ್ನು ರೆಸ್ಯೂಮೆಯಲ್ಲಿ ಪದವಿಯ ಪಕ್ಕಕ್ಕೆ ತನ್ನಿ.

ಈಗ ನಮ್ಮ ಸಪ್ಲೈಯರ್ ಬಳಿಗೆ ಬರೋಣ. ಹುದ್ದೆಯ ಹೆಸರನ್ನು ದೊಡ್ಡದು ಮಾಡುವುದು ಬೇಡ, ಅಲ್ಲಿನವರು ಅದೇ ಕೆಲಸಕ್ಕೆ ಏನನ್ನುತ್ತಾರೋ ಅದನ್ನು ಬರೆದರಾಯಿತು: ‘ಸಸ್ಯಾಹಾರಿ ರೆಸ್ಟೋರೆಂಟಿನಲ್ಲಿ ಸರ್ವರ್.’ ಕೆಳಗೆ ಅಳತೆ ಇರಲಿ. ಎಷ್ಟು ಟೇಬಲ್, ದಿನಕ್ಕೆ ಸುಮಾರು ಎಷ್ಟು ಗಿರಾಕಿಗಳು, ಹೊಸದಾಗಿ ಬಂದ ಎಷ್ಟು ಹುಡುಗರಿಗೆ ಕೆಲಸ ಕಲಿಸಿದಿರಿ, ಕ್ಯಾಷ್ ಕೌಂಟರಿನಲ್ಲಿ ದಿನದ ಲೆಕ್ಕ ಮುಗಿಸುತ್ತಿದ್ದಿರಾ, ಬಿಲ್ಲಿಂಗ್ ಮಷಿನ್ ಯಾವುದು. ಬೆಳಗ್ಗೆ ಏಳು ಗಂಟೆಯ ತಿಂಡಿಯ ನೂಕುನುಗ್ಗಲಿನಲ್ಲಿ ನಾಲ್ಕು ಟೇಬಲ್ಲಿನ ಆರ್ಡರನ್ನು ಬರೆದುಕೊಳ್ಳದೆ ನೆನಪಿಟ್ಟವರು ನಮ್ಮವರು. ‘ಕಷ್ಟಪಟ್ಟು ದುಡಿಯುವ, ಪ್ರಾಮಾಣಿಕ’ ಎಂದು ಹತ್ತು ವಿಶೇಷಣ ಜೋಡಿಸುವುದಕ್ಕಿಂತ ಆ ನೂಕುನುಗ್ಗಲಿನ ಅಳತೆ ಹೇಳಿದರೆ ಓದುವವರಿಗೆ ಚಿತ್ರ ಕಾಣುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ‘ಕೆ. ರಾಘವೇಂದ್ರ’ ಎಂಬಲ್ಲಿ ಕೆ ಎಂದರೆ ಕೋಟವೋ ಕುಂದಾಪುರವೋ ಅಪ್ಪ ಕೃಷ್ಣಯ್ಯನೋ ಊರಿನವರಿಗೆ ಗೊತ್ತು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೀತಿ ಇದ್ದರೆ ದಾಖಲೆ ಪರಿಶೀಲನೆಯ ಹೊತ್ತಿಗೆ ತಲೆನೋವು. ಹೊರಡುವ ಮೊದಲೇ ಸರಿಮಾಡಿಸಿಕೊಳ್ಳಿ, ರೆಸ್ಯೂಮೆಯಲ್ಲಿ ಪಾಸ್‌ಪೋರ್ಟಿನ ಹೆಸರೇ ಇರಲಿ. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರಿಗೆ 2022ರ ನವೆಂಬರಿನಲ್ಲಿ ಯುಎಇ ಸಂದರ್ಶಕ ವೀಸಾದ ಪ್ರವೇಶವನ್ನೇ ನಿರ್ಬಂಧಿಸಿತ್ತು.

ನೂರರಲ್ಲಿ 75 ರೆಸ್ಯೂಮೆಯನ್ನು ಕಂಪ್ಯೂಟರ್ ಎಸೆಯುತ್ತದೆಯೇ?

ವಾಟ್ಸ್‌ಆ್ಯಪ್‌ನಲ್ಲಿ, ರೀಲ್ಸ್‌ನಲ್ಲಿ ಈ ಮಾತನ್ನು ನೀವು ಕೇಳಿರುತ್ತೀರಿ: ‘ಶೇ. 75ರಷ್ಟು ರೆಸ್ಯೂಮೆಗಳನ್ನು ಮನುಷ್ಯರು ನೋಡುವುದೇ ಇಲ್ಲ, ಎಟಿಎಸ್ ಎಂಬ ಸಾಫ್ಟ್‌ವೇರ್ ತಿರಸ್ಕರಿಸುತ್ತದೆ.’ ಅದರ ಹಿಂದೆಯೇ ‘ಎಟಿಎಸ್ ದಾಟುವ ರೆಸ್ಯೂಮೆ, ಇಷ್ಟು ರೂಪಾಯಿ’ ಎಂಬ ಜಾಹೀರಾತು. ಈ 75ರ ಹಿಂದೆ ಯಾವ ಅಧ್ಯಯನವೂ ಇಲ್ಲ. ರೆಸ್ಯೂಮೆ ತಿದ್ದಿಕೊಡುವುದನ್ನೇ ವ್ಯಾಪಾರ ಮಾಡಿಕೊಂಡಿದ್ದ, ಈಗ ಮುಚ್ಚಿಹೋಗಿರುವ ಅಮೆರಿಕದ ಕಂಪನಿಯೊಂದರ ಪ್ರಚಾರದಿಂದ ಹೊರಟ ಅಂಕಿ ಇದು.

ಎಟಿಎಸ್ ಹೆಚ್ಚಾಗಿ ಮಾಡುವುದು ಅರ್ಜಿಗಳನ್ನು ಜೋಡಿಸಿಡುವ, ಹುಡುಕಿಕೊಡುವ ಕೆಲಸ. ಹಾಗೆಂದು ಭಯಕ್ಕೆ ಕಾರಣವೇ ಇಲ್ಲವೆಂದಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಅಕ್ಸೆಂಚರ್ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಷರತ್ತುಗಳಿಗೆ ತಕ್ಕಂತೆ ಕೂಡಿಬರದ ಕಾರಣ ಅರ್ಹರೂ ಜರಡಿಯಲ್ಲಿ ಸೋರಿಹೋಗುತ್ತಾರೆ ಎಂದು ಶೇ. 88ರಷ್ಟು ಉದ್ಯೋಗದಾತರು ಒಪ್ಪಿಕೊಂಡಿದ್ದರು. ಆರು ತಿಂಗಳಿಗಿಂತ ಹೆಚ್ಚು ಕೆಲಸವಿಲ್ಲದೆ ಇದ್ದವರನ್ನು ಬದಿಗಿಡುವ ಜರಡಿ ಸುಮಾರು ಅರ್ಧದಷ್ಟು ಕಂಪನಿಗಳಲ್ಲಿತ್ತು. ದೇಶ ಬದಲಿಸಿದವರಿಗೆ ಈ ಬಿಡುವು ಬಂದೇ ಬರುತ್ತದೆ. ಅದನ್ನು ಖಾಲಿ ಬಿಡಬೇಡಿ. ‘ಕೆನಡಾಕ್ಕೆ ವಲಸೆ, ಭಾಷಾ ತರಬೇತಿ’ ಎಂದು ತಿಂಗಳುಗಳ ಸಮೇತ ಒಂದು ಸಾಲು ಬರೆಯಿರಿ.

ಆ ಸಾಫ್ಟ್‌ವೇರಿಗೆ ತೊಂದರೆ ಕೊಡುವುದು ನಾವು ಅಲಂಕಾರವೆಂದು ಹಾಕುವ ಸಂಗತಿಗಳೇ: ಎರಡು ಕಾಲಂ, ಟೇಬಲ್, ಚಿತ್ರದೊಳಗಿನ ಅಕ್ಷರ, ಕೌಶಲಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ. ಒಂದೇ ಕಾಲಂನ ಸಾದಾ ಹಾಳೆ ಸಾಕು. ಜಾಹೀರಾತಿನ ಪದಗಳನ್ನು ಬಿಳಿ ಬಣ್ಣದಲ್ಲಿ ಅಡಗಿಸಿಡುವ ಉಪಾಯ ಹೇಳುವವರೂ ಇದ್ದಾರೆ. ಸಾಫ್ಟ್‌ವೇರ್ ಅಕ್ಷರವನ್ನಷ್ಟೇ ಎತ್ತಿಕೊಂಡಾಗ ಅವೆಲ್ಲ ಬಟಾಬಯಲಾಗುತ್ತವೆ.

ರೆಸ್ಯೂಮೆಯಿಂದ ಆಗದ ಕೆಲಸ

ಇದನ್ನು ಹೇಳದೆ ಹೋದರೆ ನಾವೂ ರೆಸ್ಯೂಮೆ ಮಾರುವವರ ಸಾಲಿಗೇ ಸೇರುತ್ತೇವೆ. ಟೊರೊಂಟೊದ ಅರ್ಥಶಾಸ್ತ್ರಜ್ಞ ಫಿಲಿಪ್ ಒರಿಯೊಪೌಲಸ್ ಆ ನಗರದ ಉದ್ಯೋಗ ಜಾಹೀರಾತುಗಳಿಗೆ ಸಾವಿರಾರು ಕೃತಕ ರೆಸ್ಯೂಮೆಗಳನ್ನು ಕಳಿಸಿ ನೋಡಿದರು. ಅರ್ಹತೆ ಒಂದೇ, ಹೆಸರು ಮತ್ತು ಅನುಭವದ ದೇಶ ಮಾತ್ರ ಬೇರೆ. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಭಾರತ, ಪಾಕಿಸ್ತಾನ, ಚೀನಾ, ಗ್ರೀಸ್ ಮೂಲದ ಹೆಸರುಗಳಿಗೆ ಇಂಗ್ಲಿಷ್ ಹೆಸರುಗಳಿಗಿಂತ ಕಡಿಮೆ ಕರೆ ಬಂತು. ಹೊರದೇಶದ ಅನುಭವ ಇದ್ದವರಿಗೂ ಅದೇ ಗತಿ. ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಬಹುರಾಷ್ಟ್ರೀಯ ಕಂಪನಿಯಲ್ಲಿ ದುಡಿದಿದ್ದೇನೆ ಎಂದು ಸೇರಿಸಿದರೂ ಅಂತರ ತಗ್ಗಲಿಲ್ಲ. ನೇಮಕಾತಿ ಮಾಡುವವರು ಕೊಟ್ಟ ಕಾರಣ ‘ಭಾಷೆಯ ಬಗ್ಗೆ ಅನುಮಾನ’.

ಹಾಗಾದರೆ ಹೆಸರನ್ನೇ ಬದಲಿಸಿಬಿಡೋಣವೇ? 2016ರಲ್ಲಿ ಸೋನಿಯಾ ಕಾಂಗ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಅದನ್ನೂ ಪರೀಕ್ಷಿಸಿದರು. ಹೆಸರಿನಲ್ಲೂ ಅನುಭವದಲ್ಲೂ ಏಷ್ಯಾದ ಗುರುತು ಉಳಿಸಿಕೊಂಡ ರೆಸ್ಯೂಮೆಗಳಿಗೆ ಶೇ. 11.5ರಷ್ಟು ಕರೆ ಬಂದರೆ, ಗುರುತು ಅಳಿಸಿದವುಗಳಿಗೆ ಶೇ. 21. ಅಂದರೆ ಬದಲಿಸಿದರೆ ಲಾಭ ಇದೆ ಎಂಬುದು ನಿಜ, ಕಹಿಯಾದ ನಿಜ. ರಾಘವೇಂದ್ರ ‘ರಾಘು’ ಆದರೆ ಹೇಳಲು ಸುಲಭ, ಅದರಲ್ಲಿ ತಪ್ಪೇನಿಲ್ಲ. ‘ರ್‍ಯಾಂಡಿ’ ಆಗಲೇಬೇಕೆಂದು ನಾವು ಹೇಳುವುದಿಲ್ಲ. ಅದು ಅವರವರಿಗೆ ಬಿಟ್ಟದ್ದು. ನೂರು ಅರ್ಜಿಗೆ ಉತ್ತರ ಬಾರದಿದ್ದಾಗ ಎಲ್ಲ ತಪ್ಪೂ ತನ್ನದೇ ಎಂದು ರಾತ್ರಿ ಎದ್ದು ಕೂತು ಫಾಂಟ್ ಬದಲಿಸುವವರಿಗೆ ಮಾತ್ರ ಈ ಅಧ್ಯಯನಗಳು ಗೊತ್ತಿರಬೇಕು.

ಕಾನೂನು ನಿಧಾನಕ್ಕೆ ಬದಲಾಗುತ್ತಿದೆ. ಕೆನಡಾದ ಅನುಭವವೇ ಬೇಕು ಎಂದು ಕೇಳುವುದು ಮೇಲ್ನೋಟಕ್ಕೇ ತಾರತಮ್ಯ ಎಂದು ಒಂಟಾರಿಯೊ ಮಾನವ ಹಕ್ಕುಗಳ ಆಯೋಗ 2013ರಲ್ಲೇ ಹೇಳಿತ್ತು. 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಸಾರ್ವಜನಿಕ ಉದ್ಯೋಗ ಜಾಹೀರಾತಿನಲ್ಲಿ ಹಾಗೆ ಕೇಳುವುದನ್ನು ಆ ಪ್ರಾಂತ್ಯ 2026ರ ಜನವರಿ 1ರಿಂದ ನಿಷೇಧಿಸಿದೆ. ಅರ್ಜಿಗಳ ಆಯ್ಕೆಗೆ ಕೃತಕ ಬುದ್ಧಿಮತ್ತೆ ಬಳಸಿದರೆ ಅದನ್ನೂ ತಿಳಿಸಬೇಕು.

ನಮ್ಮ ಕಥೆಯ ಯುವಕನ ಹೆಂಡತಿಯ ಲೆಕ್ಕವೇ ಬೇರೆ. ನರ್ಸಿಂಗ್‌ನಲ್ಲಿ ರೆಸ್ಯೂಮೆಗಿಂತ ಲೈಸೆನ್ಸ್ ಮುಂದೆ. ಗಲ್ಫ್‌ನಲ್ಲಿ ಡೇಟಾಫ್ಲೋ ಎಂಬ ಸಂಸ್ಥೆ ನೀವು ಬರೆದ ಆಸ್ಪತ್ರೆ, ಕಾಲೇಜುಗಳನ್ನೇ ನೇರ ಸಂಪರ್ಕಿಸಿ ವಿಚಾರಿಸುತ್ತದೆ. ಒಂದು ವರ್ಷವನ್ನು ಎರಡು ಮಾಡಿ ಬರೆದವರು ಅಲ್ಲಿ ಸಿಕ್ಕಿಬೀಳುತ್ತಾರೆ.

ಇನ್ನು ಊರಿನವರ ಸಹಾಯ. ಕರಾವಳಿಯವರಿಗೆ ಅದು ದೊಡ್ಡ ಆಸ್ತಿ, ಆದರೆ ಒಂದು ಮಿತಿಯಿದೆ. ಅತಿ ಹತ್ತಿರದವರಿಗೆ ಗೊತ್ತಿರುವ ಕೆಲಸಗಳು ನಮಗೂ ಗೊತ್ತಿರುತ್ತವೆ. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ ಹೊಸ ಕೆಲಸಕ್ಕೆ ಹೆಚ್ಚು ನೆರವಾದದ್ದು ಅಷ್ಟಾಗಿ ಹತ್ತಿರವಲ್ಲದ ಪರಿಚಯಗಳು. ಭಾವನ ರೂಮ್‌ಮೇಟ್, ಕಾಲೇಜಿನಲ್ಲಿ ಎರಡು ವರ್ಷ ಸೀನಿಯರ್ ಆಗಿದ್ದವರು, ಯಕ್ಷಗಾನದ ದಿನ ಸಿಕ್ಕಿ ನಂಬರ್ ಕೊಟ್ಟವರು. ಅವರಿಗೆ ಮೆಸೇಜ್ ಮಾಡಲು ನಾವು ನಾಚುತ್ತೇವೆ. ‘ಕೆಲಸ ಕೊಡಿಸಿ’ ಎನ್ನಬೇಕಿಲ್ಲ. ‘ಈ ರೆಸ್ಯೂಮೆ ಓದಿ, ಎಲ್ಲಿ ಅರ್ಥವಾಗಲಿಲ್ಲ ಹೇಳಿ’ ಎಂದು ಕೇಳಿ ನೋಡಿ. ಆ ದೇಶದಲ್ಲೇ ಹುಟ್ಟಿ ಬೆಳೆದವರು ಯಾರಾದರೂ ಓದಿದರೆ ಇನ್ನೂ ಒಳ್ಳೆಯದು. ‘ಸಪ್ಲೈಯರ್’ ಮೇಲೆ ಮೊದಲು ಬೆರಳಿಡುವವರು ಅವರೇ.

ರೆಸ್ಯೂಮೆ ಯಾರ್‍ಯಾರ ಕೈಗೋ ಹೋಗುವುದರಿಂದ ಪಾಸ್‌ಪೋರ್ಟ್ ನಂಬರ್, ಆಧಾರ್, ಬ್ಯಾಂಕ್ ವಿವರ ಅದರಲ್ಲಿ ಬೇಡ. ಊರಿನಲ್ಲಿದ್ದುಕೊಂಡೇ ಏಜೆಂಟರ ಮೂಲಕ ಗಲ್ಫ್ ಕಡೆ ಹೊರಟವರು ಆ ಏಜೆಂಟ್ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತರೇ ಎಂದು ಮೊದಲು ನೋಡಿ. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕೂ ರಸೀದಿ ಕೊಡಬೇಕು.