ಲ್ಯಾಪ್‌ಟಾಪಿನ ಕೀಲು ಏಕೆ ಸಡಿಲವಾಗುತ್ತದೆ?

ನಮ್ಮ ಅಕ್ಕ ಡಿಗ್ರಿ ಕೊನೆಯ ವರ್ಷ ಓದುತ್ತಿದ್ದಾಳೆ. ಅವಳ ಹತ್ತಿರ ಒಂದು ಲ್ಯಾಪ್‌ಟಾಪ್ ಇದೆ. ಅದು ಹೊಸದಲ್ಲ, ಸೆಕೆಂಡ್ ಹ್ಯಾಂಡ್. ಅಮ್ಮ ಸಂಘದಲ್ಲಿ ಸಾಲ ತೆಗೆದು ಕೊಡಿಸಿದ್ದು. ಸಾಲದ ಕಂತು ಇನ್ನೂ ಮುಗಿದಿಲ್ಲ, ಅಷ್ಟರಲ್ಲೇ ಅದರ ಪರದೆ ನಿಲ್ಲದೆ ಹಿಂದಕ್ಕೆ ಬೀಳೋಕೆ ಶುರುವಾಯ್ತು. ಅಕ್ಕ ರಾತ್ರಿ ಹಾಸಿಗೆಯಲ್ಲಿ ಗೋಡೆಗೆ ಒರಗಿ, ಅದನ್ನು ತೊಡೆ ಮೇಲೆ ಇಟ್ಟುಕೊಂಡು ಓದುತ್ತಾಳೆ. ಒಂದು ಕೈಯಲ್ಲಿ ಪರದೆ ಹಿಡಿದು ಇನ್ನೊಂದು ಕೈಯಲ್ಲಿ ಟೈಪ್ ಮಾಡುವ ಹಾಗಾಯ್ತು.

ನಮ್ಮ ಮನೆ ಬಾಗಿಲು ಕಿರ್ರ್ ಅಂದರೆ ಅಪ್ಪ ಕೀಲಿಗೆ ಎಣ್ಣೆ ಬಿಡುತ್ತಾರೆ. ಇದೂ ಕೀಲೇ ತಾನೇ ಅಂದುಕೊಂಡು, ಅಕ್ಕ ಕಾಲೇಜಿಗೆ ಹೋದಾಗ ನಾನು ಹೊಲಿಗೆ ಮಿಷನ್ನಿನ ಎಣ್ಣೆ ಎರಡು ತೊಟ್ಟು ಬಿಟ್ಟೆ. ಸಂಜೆ ನೋಡಿದರೆ ಪರದೆ ಮೊದಲಿಗಿಂತ ಬೇಗ ಬೀಳುತ್ತಿತ್ತು! ಅಕ್ಕ ಕೇಳಿದಾಗ ಮೊದಲು ನಾನಲ್ಲ ಅಂದೆ. ಊಟ ಮಾಡುವಾಗ ಸುಮ್ಮನಿರಲು ಆಗದೆ ಒಪ್ಪಿಕೊಂಡೆ. ಅವಳು ಹೊಡೆಯಲಿಲ್ಲ. "ಭಾನುವಾರ ಪೇಟೆಗೆ ರಿಪೇರಿಗೆ ತಗೊಂಡು ಹೋಗ್ತೀನಿ, ನೀನೂ ಬಾ. ಏನು ತಪ್ಪು ಮಾಡಿದೆ ಅಂತ ಕಣ್ಣಾರೆ ನೋಡು" ಅಂದಳು. ಅಲ್ಲಿ ನೋಡಿದ್ದನ್ನೂ, ಆಮೇಲೆ ವಿಜ್ಞಾನದ ಮೇಷ್ಟ್ರನ್ನು ಕೇಳಿ ತಿಳಿದದ್ದನ್ನೂ ಇಲ್ಲಿ ಬರೆದಿದ್ದೇನೆ.

ಬಾಗಿಲ ಕೀಲು ಬೇರೆ, ಲ್ಯಾಪ್‌ಟಾಪ್ ಕೀಲು ಬೇರೆ

ಬಾಗಿಲ ಕೀಲಿನ ಕೆಲಸ ಸಲೀಸಾಗಿ ತಿರುಗುವುದು. ಅದಕ್ಕೇ ಎಣ್ಣೆ ಬೇಕು. ಲ್ಯಾಪ್‌ಟಾಪ್ ಕೀಲಿಗೆ ಎರಡು ಕೆಲಸ. ಕೈಯಿಂದ ತಿರುಗಿಸಿದರೆ ತಿರುಗಬೇಕು, ಕೈ ಬಿಟ್ಟರೆ ಬಿಟ್ಟಲ್ಲೇ ನಿಲ್ಲಬೇಕು. ಹೀಗೆ ನಿಲ್ಲಿಸುವ ಶಕ್ತಿಯೇ ಘರ್ಷಣೆ. ನಾನು ಎಣ್ಣೆ ಬಿಟ್ಟು ಆ ಘರ್ಷಣೆಯನ್ನೇ ಕಡಿಮೆ ಮಾಡಿದ್ದೆ.

ಪರದೆಯನ್ನು ಕೀಲಿಮಣೆಯ ಮೇಲೆ ಪುಸ್ತಕದಂತೆ ಮಡಚುವ ಕಂಪ್ಯೂಟರ್‌ಗಳಲ್ಲಿ ಗ್ರಿಡ್ ಕಂಪಾಸ್ ಎಂಬುದು ಮೊದಮೊದಲಿನದು. ಅದು 1982ರಲ್ಲಿ ಮಾರಾಟಕ್ಕೆ ಬಂತು. ಅದರ ವಿನ್ಯಾಸ ಮಾಡಿದವರು ಬಿಲ್ ಮಾಗ್ರಿಡ್ಜ್. ಅಂದಿನಿಂದ ಇಂದಿನವರೆಗೂ ಇಂತಹ ಲ್ಯಾಪ್‌ಟಾಪ್ ಬಳಸುವವರು ದಿನಾ ಕೀಲನ್ನೇ ನಂಬಿದ್ದಾರೆ.

ಕೀಲಿನೊಳಗೆ ಏನಿದೆ?

ಅಂಗಡಿಯವರು ಕೆಳಗಿನ ಮುಚ್ಚಳ ಬಿಚ್ಚಿ ತೋರಿಸಿದರು. ಎಡಕ್ಕೊಂದು, ಬಲಕ್ಕೊಂದು ಕೀಲು. ಒಂದೊಂದರಲ್ಲೂ ಪೆನ್ಸಿಲ್ಲಿಗಿಂತ ಸಣ್ಣ ಉಕ್ಕಿನ ಕಡ್ಡಿ. ಅದಕ್ಕೆ ಮಣಿ ಪೋಣಿಸಿದ ಹಾಗೆ ವಾಷರ್‌ಗಳು, ಕೊನೆಗೆ ಒಂದು ಪುಟ್ಟ ನಟ್ಟು. ಕೆಲವು ವಾಷರ್ ತಟ್ಟೆಯಂತೆ ಬಾಗಿದ್ದು ಸ್ಪ್ರಿಂಗಿನ ಹಾಗೆ ಒತ್ತುತ್ತವೆ. ನಟ್ಟು ಬಿಗಿಯಾದಷ್ಟೂ ವಾಷರ್‌ಗಳು ಒಂದನ್ನೊಂದು ಜೋರಾಗಿ ಒತ್ತುತ್ತವೆ, ಘರ್ಷಣೆ ಹೆಚ್ಚುತ್ತದೆ. ಒತ್ತುವ ಬಲ ಎರಡು ಪಟ್ಟಾದರೆ ಘರ್ಷಣೆಯೂ ಎರಡು ಪಟ್ಟಾಗುತ್ತದೆ ಎಂಬ ನಿಯಮವನ್ನು ಫ್ರಾನ್ಸಿನ ಗಿಯೋಮ್ ಅಮೊಂಟನ್ 1699ರಲ್ಲಿ ಪ್ರಕಟಿಸಿದ್ದರು ಎಂದು ಮೇಷ್ಟ್ರು ಹೇಳಿದರು. ಕತ್ತರಿಯ ನಡುವಿನ ತಿರುಪು ಬಿಗಿ ಮಾಡಿ ನೋಡಿ, ಇದೇ ನಿಯಮ ಕೈಗೆ ಗೊತ್ತಾಗುತ್ತದೆ.

ತೆಗೆದು ಮುಚ್ಚಿ, ತೆಗೆದು ಮುಚ್ಚಿ ವಾಷರ್ ಸವೆಯುತ್ತದೆ, ನಟ್ಟು ಸಡಿಲವಾಗುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ನಟ್ಟೇ ಇರುವುದಿಲ್ಲ. ಕಡ್ಡಿಯನ್ನು ಲೋಹದ ಪಟ್ಟಿ ಸುತ್ತಿ ಹಿಡಿದಿರುತ್ತದೆ. ಅದು ಸವೆದರೆ ಕೀಲನ್ನೇ ಬದಲಿಸಬೇಕು.

ಹಾಸಿಗೆಯಲ್ಲಿ ಏಕೆ ಹೆಚ್ಚು ಬೀಳುತ್ತದೆ?

ಇದಕ್ಕೆ ಒಂದು ಪ್ರಯೋಗ ಮಾಡಿ. ಕ್ರಿಕೆಟ್ ಬ್ಯಾಟಿನ ಹಿಡಿ ಹಿಡಿದು ಬ್ಯಾಟನ್ನು ಮೇಲಕ್ಕೆ ನೆಟ್ಟಗೆ ನಿಲ್ಲಿಸಿ. ಮಣಿಕಟ್ಟಿಗೆ ಏನೂ ಅನ್ನಿಸಲ್ಲ. ಈಗ ನಿಧಾನವಾಗಿ ಓರೆ ಮಾಡಿ. ಬ್ಯಾಟಿನ ತೂಕ ಅಷ್ಟೇ ಇದೆ, ಆದರೂ ಮಣಿಕಟ್ಟು ನೋಯುತ್ತದೆ. ಪೂರ್ತಿ ಅಡ್ಡ ಮಾಡಿದರೆ ಎಳೆತ ಅತಿ ಹೆಚ್ಚು. ಅದಕ್ಕೆ ಹೋಲಿಸಿದರೆ 10 ಡಿಗ್ರಿ ಓರೆಯಾದಾಗ ಸುಮಾರು ಆರನೇ ಒಂದು ಭಾಗ, 30 ಡಿಗ್ರಿಗೆ ಸರಿಯಾಗಿ ಅರ್ಧ, 45 ಡಿಗ್ರಿಗೆ ಹತ್ತರಲ್ಲಿ ಏಳು ಭಾಗ ಎಳೆತ ಬರುತ್ತದೆ. ಬ್ಯಾಟೇ ಪರದೆ, ನಿಮ್ಮ ಮಣಿಕಟ್ಟೇ ಕೀಲು ಅಂತ ತಿಳಿಯಿರಿ.

ಅಕ್ಕ ಗೋಡೆಗೆ ಒರಗಿ ಕಾಲು ಚಾಚಿದಾಗ ಲ್ಯಾಪ್‌ಟಾಪ್ ಕೆಳಗೆ ತೊಡೆ ಮೇಲೆ, ಕಣ್ಣು ಮೇಲೆ. ಪರದೆ ಕಾಣಬೇಕಾದರೆ ಹಿಂದಕ್ಕೆ ತುಂಬಾ ಬಗ್ಗಿಸಬೇಕು. ಆಗ ಅದು ಹಿಂದಕ್ಕೆ ಬೀಳುತ್ತದೆ. ಮಲಗಿ ಮಂಡಿ ಮಡಚಿ ಅದರ ಮೇಲೆ ಇಟ್ಟುಕೊಂಡರೆ ಉಲ್ಟಾ, ಪರದೆ ಮುಂದಕ್ಕೆ ವಾಲಿ ಕೈ ಮೇಲೆ ಮುಚ್ಚಿಕೊಳ್ಳುತ್ತದೆ. ಜೊತೆಗೆ ಹಾಸಿಗೆ ಮೆತ್ತಗೆ. ಸ್ವಲ್ಪ ಅಲುಗಾಡಿದರೂ ಪರದೆ ತೂಗುತ್ತದೆ.

ಪೂರ್ತಿ ಏಕೆ ಬಿಗಿ ಮಾಡಬಾರದು?

ನಮ್ಮದರಲ್ಲಿ ಎಡಗಡೆಯ ನಟ್ಟು ಸಡಿಲವಾಗಿತ್ತು. ಅಂಗಡಿಯವರು ನನ್ನ ಎಣ್ಣೆಯನ್ನು ಒರೆಸಿ, ನಟ್ಟನ್ನು ಕಾಲು ಸುತ್ತು ತಿರುಗಿಸಿ ನೋಡಿದರು. ಸಾಲಲಿಲ್ಲ. ಇನ್ನು ಕಾಲು ಸುತ್ತು ತಿರುಗಿಸಿ ನಿಲ್ಲಿಸಿದರು. "ಇನ್ನೂ ಬಿಗಿ ಮಾಡಿ ಅಣ್ಣ, ಮತ್ತೆ ಬೀಳೋದೇ ಬೇಡ" ಅಂದೆ. ಅವರು ನಕ್ಕು ಒಡೆದ ಇನ್ನೊಂದು ಲ್ಯಾಪ್‌ಟಾಪ್ ತೋರಿಸಿದರು. ಕೀಲನ್ನು ಹಿಡಿದಿರುವ ಸ್ಕ್ರೂಗಳು ಪ್ಲಾಸ್ಟಿಕ್ಕಿನಲ್ಲಿ ಕೂರಿಸಿದ ಸಣ್ಣ ಹಿತ್ತಾಳೆ ಕೊಳವೆಗಳಲ್ಲಿ ಕೂತಿರುತ್ತವೆ. ಕೀಲು ಅತಿ ಬಿಗಿಯಾದರೆ ತೆಗೆಯುವಾಗ ಅದು ತಿರುಗುವ ಬದಲು ಆ ಕೊಳವೆಗಳನ್ನೇ ಕಿತ್ತುಕೊಂಡು ಬರುತ್ತದೆ. ಸಡಿಲವಾದರೆ ಪರದೆ ಬೀಳುತ್ತದೆ, ಅತಿ ಬಿಗಿಯಾದರೆ ಮೈಯೇ ಒಡೆಯುತ್ತದೆ. ನಮಗೆ 200 ರೂಪಾಯಿಯಲ್ಲಿ ಮುಗಿಯಿತು. ಮೈ ಒಡೆದಿದ್ದರೆ ಅಮ್ಮನಿಗೆ ಇನ್ನೊಂದು ಸಾಲ ಆಗುತ್ತಿತ್ತು. ಅತಿಯಾದರೆ ಅಮೃತವೂ ವಿಷ ಅನ್ನೋದು ಕೀಲಿಗೂ ಸರಿ.

ನಾವು ಏನು ಮಾಡಬಹುದು?

1. ಪರದೆ ಬೀಳುತ್ತಿದ್ದು ಮೂಲೆ ಗಟ್ಟಿಯಾಗಿದ್ದರೆ ನಟ್ಟೋ ಸ್ಕ್ರೂವೋ ಸಡಿಲವಾಗಿರಬಹುದು. ಆದರೆ ಮೂಲೆ ಬಾಯಿ ಬಿಟ್ಟಿದ್ದರೆ, ತೆಗೆಯುವಾಗ ಕಟಕ್ ಅಂದರೆ, ಮತ್ತೆ ಮತ್ತೆ ತೆಗೆದು ಮುಚ್ಚಬೇಡಿ. ಹಾಗೇ ರಿಪೇರಿಗೆ ಕೊಡಿ.

2. ಹಾಸಿಗೆ ಮೇಲೆ ನೇರವಾಗಿ ಇಡಬೇಡಿ. ಊಟಕ್ಕೆ ಕೂರುವ ಮಣೆಯಂಥದ್ದನ್ನು ಕೆಳಗೆ ಇಡಿ. ಬಹಳ ಲ್ಯಾಪ್‌ಟಾಪ್‌ಗಳಿಗೆ ಗಾಳಿ ಹೋಗುವ ಕಂಡಿ ಕೆಳಗಡೆ ಇರುತ್ತದೆ. ಹಾಸಿಗೆ ಅದನ್ನು ಮುಚ್ಚಿದರೆ ಒಳಗೆ ಬಿಸಿಯಾಗುತ್ತದೆ.

3. ಪರದೆ ಹಿಂದಕ್ಕೆ ಬೀಳುತ್ತಿದ್ದರೆ ಲ್ಯಾಪ್‌ಟಾಪಿನ ಹಿಂಬದಿಯ ಎರಡು ತುದಿಗೆ ಒಂದೇ ದಪ್ಪದ ಎರಡು ನೋಟ್‌ಬುಕ್ ಕೊಟ್ಟು ಎತ್ತರಿಸಿ. ಆಗ ಪರದೆ ನೆಟ್ಟಗಾಗುತ್ತದೆ, ಕೀಲಿನ ಮೇಲೆ ಎಳೆತ ಕಡಿಮೆಯಾಗುತ್ತದೆ. ಮುಂದಕ್ಕೆ ವಾಲುತ್ತಿದ್ದರೆ ಮಂಡಿ ಇಳಿಸಿ. ರಿಪೇರಿಗೆ ಹೋಗುವವರೆಗೂ ಅಕ್ಕ ಹೀಗೇ ಓದಿದಳು.

4. ಒಂದೇ ಮೂಲೆ ಹಿಡಿದು ತೆಗೆಯಬೇಡಿ. ಹಾಗೆ ಮಾಡಿದರೆ ಪರದೆ ತಿರುಚಿಕೊಂಡು ಒಂದೇ ಕೀಲಿಗೆ ಹೊರೆ ಬೀಳುತ್ತದೆ. ಮೇಲಂಚಿನ ನಡುವೆ ಹಿಡಿದು ನಿಧಾನವಾಗಿ ತೆಗೆಯಿರಿ. ಪರದೆ ಹಿಡಿದು ಲ್ಯಾಪ್‌ಟಾಪ್ ಎತ್ತಲೇಬೇಡಿ.

5. ಎಣ್ಣೆ ಬಿಡಬೇಡಿ! ನಾವಾಗಿಯೇ ಬಿಚ್ಚುವುದೂ ಬೇಡ. ಬಿಚ್ಚುವವರು ಚಾರ್ಜರ್ ತೆಗೆದು, ಒಳಗಿನ ಬ್ಯಾಟರಿಯ ಸಂಪರ್ಕವನ್ನೂ ಮೊದಲು ತಪ್ಪಿಸುತ್ತಾರೆ. ಕೀಲಿನ ಪಕ್ಕದಲ್ಲೇ ಪರದೆಗೆ ಹೋಗುವ ತೆಳ್ಳನೆ ವೈರು ಇರುತ್ತದೆ, ಅದು ತುಂಡಾದರೆ ಪರದೆಯಲ್ಲಿ ಏನೂ ಕಾಣುವುದಿಲ್ಲ. ಸ್ಕ್ರೂಗಳೂ ಒಂದೇ ಉದ್ದ ಇರುವುದಿಲ್ಲ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿದರೆ ಒಳಗೆ ಚುಚ್ಚುತ್ತದೆ.

ಸ್ನೇಹಿತರೇ, ನಮ್ಮ ಶಾಲೆಯ ಲ್ಯಾಪ್‌ಟಾಪನ್ನು ನಾವೆಲ್ಲ ಬಲಗಡೆಯ ಮೂಲೆ ಹಿಡಿದೇ ತೆಗೆಯುತ್ತೇವೆ. ಕಳೆದ ವಾರ ನಾನು ಗಮನಿಸಿದೆ, ಬಲಗಡೆ ಕೀಲಿನ ಹತ್ತಿರ ಒಂದು ಕೂದಲಿನಷ್ಟು ಸಂದು ಬಿಟ್ಟಿದೆ. ಮೇಷ್ಟ್ರೇ, ಟೀಚರ್, ದಯವಿಟ್ಟು ಅದನ್ನು ಒಮ್ಮೆ ನೋಡಿ. ಸಂದು ದೊಡ್ಡದಾಗುವ ಮೊದಲೇ ತೋರಿಸಿದರೆ ಕಡಿಮೆ ಖರ್ಚಿನಲ್ಲಿ ಮುಗಿಯಬಹುದು. ನಾನು ಮಾತ್ರ ಇನ್ನು ಎಣ್ಣೆ ಡಬ್ಬಿ ಮುಟ್ಟುವುದಿಲ್ಲ.

— 7ನೇ ತರಗತಿ