ಒಂದೇ ಊರಿನ ಅಣಬೆ, ಬೇರೆ ಬೇರೆ ವಂಶ

ಮಳೆ ಹಿಡಿದ ಮೇಲೆ ಹಳೆಯ ಜಾಲಿ, ಹೊಂಗೆ, ಗುಲ್‌ಮೊಹರ್ ಮರಗಳ ಬುಡದಲ್ಲಿ ಅರಗು ಬಳಿದಂತೆ ಹೊಳೆಯುವ ಕೆಂಗಂದು ಅಣಬೆ ಏಳುವುದುಂಟು. ಕಟ್ಟಿಗೆಯಷ್ಟು ಗಟ್ಟಿ. ಇದು ಗ್ಯಾನೊಡರ್ಮಾ. ಚೀನೀಯರ ಲಿಂಗ್‌ಝಿ, ಜಪಾನೀಯರ ರೇಶಿ ಎಂಬ ಹೆಸರಾಂತ ಔಷಧಿ ಅಣಬೆಗಳು ಈ ಕುಲದವೇ. ನಮ್ಮ ತೆಂಗು, ಅಡಿಕೆ ಬೆಳೆಗಾರರನ್ನು ಕಂಗೆಡಿಸುವ ‘ಅಣಬೆ ರೋಗ’ಕ್ಕೂ ಇದೇ ಕುಲ ಕಾರಣ.

ಇಂಗ್ಲೆಂಡಿನಲ್ಲಿ 1781ರಲ್ಲಿ ವಿಲಿಯಂ ಕರ್ಟಿಸ್ ವರ್ಣಿಸಿದ ‘ಲೂಸಿಡಮ್’ ಎಂಬ ಪ್ರಭೇದದ ಹೆಸರನ್ನು ಏಷ್ಯಾದ ಅಣಬೆಗೂ ಬಹುಕಾಲ ಅಂಟಿಸಲಾಗಿತ್ತು. ಚೀನಾದಲ್ಲಿ ಬೆಳೆಸುವುದು ಬೇರೆಯದೇ ಪ್ರಭೇದವೆಂದು ಗುರುತಿಸಿ 2012ರಲ್ಲಿ ವಿಜ್ಞಾನಿಗಳು ಅದಕ್ಕೆ ‘ಲಿಂಗ್‌ಝಿ’ ಎಂದೇ ಹೆಸರಿಟ್ಟರು. ಹಾಗಾಗಿ ಹೊಳಪು ನೋಡಿ ಹೆಸರು ಹೇಳುವಂತಿಲ್ಲ, ಡಿಎನ್‌ಎ ಓದಬೇಕು.

ಒಂದೇ ಪ್ರಭೇದದೊಳಗೂ ವೈವಿಧ್ಯ ಅಪಾರ. ಒಂದು ಅಣಬೆಯ ಬೀಜಕದಿಂದ ಹುಟ್ಟಿದ ಎಳೆ ತಾನೊಂದೇ ಅಣಬೆಯಾಗಿ ಬೆಳೆಯದು, ಜೋಡಿ ಬೇಕು. ಒಡಹುಟ್ಟಿದ ಬೀಜಕಗಳ ನಡುವೆ ಹೊಂದಾಣಿಕೆ ಸುಮಾರು ನಾಲ್ಕರಲ್ಲಿ ಒಂದು ಪಾಲು ಮಾತ್ರ. ಪರವೂರಿನ ಬೀಜಕದೊಡನೆ ಬಹುಮಟ್ಟಿಗೆ ಕೂಡುತ್ತದೆ. ಸಗೋತ್ರ ವರ್ಜ್ಯ ಎನ್ನುವ ನಮ್ಮ ಹಿರಿಯರ ಕಟ್ಟಳೆಯಂತೆಯೇ! ಆದರೆ ಹೀಗೆ ಜೋಡಿಗೂಡಿ ಬೆಳೆದ, ಬೇರೆ ಬೇರೆ ವಂಶದ ಎರಡು ಎಳೆಗಳನ್ನು ಒಂದೇ ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ, ಅವು ಸಂಧಿಸುವಲ್ಲಿ ಸಾಮಾನ್ಯವಾಗಿ ಸ್ಪಷ್ಟ ಗೆರೆಯೊಂದು ಮೂಡುತ್ತದೆ. ದುಬಾರಿ ಯಂತ್ರವಿಲ್ಲದ ಕಾಲೇಜೂ ಮಾಡಬಹುದಾದ ವಂಶ ಪರೀಕ್ಷೆ ಇದು.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಇಂಥ ಬೇರೆ ಬೇರೆ ವಂಶಗಳ ಹುಡುಕಾಟಕ್ಕೆ ಹೇಳಿ ಮಾಡಿಸಿದ ಸೀಮೆ. ಪಡುವಣದ ಸಹ್ಯಾದ್ರಿಯಿಂದ ಮೂಡಣಕ್ಕೆ ಬಂದಂತೆ ಮಳೆ ಕಡಿಮೆಯಾಗುತ್ತದೆ. ನಡುವೆ ಘಟಪ್ರಭೆ, ಹಿಡಕಲ್ ಜಲಾಶಯದ ಕಾಲುವೆಗಳು, ಗೋಕಾಕದ ಒಣ ಗುಡ್ಡಗಳು. ಇಲ್ಲಿನ ಅರಭಾವಿಯಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕಾ ಮಹಾವಿದ್ಯಾಲಯವೇ ಇದೆ. ಬಿಸಿಲು ತಾಳುವ, ಬೇಗ ಹಬ್ಬುವ, ಔಷಧೀಯ ಅಂಶ ಹೆಚ್ಚಿರುವ ತಳಿ ಈ ಸೀಮೆಯ ಮರಗಳ ಬುಡದಲ್ಲೇ ಸಿಗಬಹುದು. ಮರದ ಹೊಟ್ಟು, ಗೋಧಿ ತೌಡು ತುಂಬಿದ ಚೀಲಗಳಲ್ಲಿ ಅದನ್ನು ಬೆಳೆಸಲು ಸಾಧ್ಯ.

ರೋಗಿಗಳಿಗೆ ಒಂದು ಮಾತು. ಕ್ಯಾನ್ಸರಿಗೆ ಇದನ್ನೇ ಮೊದಲ ಚಿಕಿತ್ಸೆಯಾಗಿ ಕೊಡಲು ಸಾಕಷ್ಟು ಪುರಾವೆ ಇಲ್ಲವೆಂದು ವೈದ್ಯಕೀಯ ಅಧ್ಯಯನಗಳನ್ನು ಒರೆಹಚ್ಚುವ ಕಾಕ್ರೇನ್ ಸಂಸ್ಥೆಯ ಪರಿಶೀಲನೆ ಹೇಳಿದೆ. ಮರದಿಂದ ಕಿತ್ತು ಕಷಾಯ ಮಾಡಿ ಕುಡಿಯಬೇಡಿ.

ನನ್ನ ಕಳವಳ ಮರಗಳದು. ರಸ್ತೆ ಅಗಲವಾಗುವಾಗ ಮೊದಲು ಉರುಳುವುದು ಹಳೆಯ ಸಾಲುಮರ; ಬೊಡ್ಡೆ ಸಮೇತ ಕಿತ್ತೊಯ್ದರೆ ಒಳಗಿದ್ದ ಅಣಬೆಯ ವಂಶವೂ ಅದರೊಡನೆ ಹೋಗುತ್ತದೆ. ಕೊಡಲಿ ಬೀಳುವ ಮೊದಲೇ ಒಂದು ತಾಜಾ ಅಣಬೆಯನ್ನು ಕಾಗದದ ಚೀಲಕ್ಕೆ ಹಾಕಿ, ಮರದ ಹೆಸರು, ಊರು, ದಿನಾಂಕ ಬರೆದು, ಹತ್ತಿರದ ಪ್ರಯೋಗಾಲಯಕ್ಕೆ ತಲುಪಿಸಿ. ಪ್ಲಾಸ್ಟಿಕ್ ಬೇಡ, ಬೂಷ್ಟು ಹಿಡಿಯುತ್ತದೆ.